ಬಂದ ಮೇಲೆ ಸ್ನಾನ

ನಮ್ಮ ಬಚ್ಚಲ ಹಂಡೆಗೆ ಹನ್ನೆರಡು ಕೊಡ ನೀರು ಹಿಡಿಯುತ್ತದೆ. ಆ ಭಾನುವಾರ ಬೆಳಿಗ್ಗೆ ನಾನು ಅದನ್ನು ಎರಡನೇ ಸಲ ತುಂಬಿದೆ. ಅಪ್ಪನ ಸ್ನಾನ, ಲಿಂಗಪೂಜೆ ಎಲ್ಲ ಆರು ಗಂಟೆಗೇ ಮುಗಿದಿತ್ತು. ಆದರೂ ಅವ್ವ ಖಾಲಿ ಕೊಡ ತಂದು ನನ್ನ ಮುಂದೆ ಇಟ್ಟು ಹೋಗಿದ್ದಳು. ಗಿರಣಿಯ ಭತ್ತದ ಹೊಟ್ಟನ್ನು ಮೊರದಲ್ಲಿ ತಂದು ಒಲೆಗೆ ಸುರಿದು, ಕಣ್ಣು ಉರಿಯುವವರೆಗೆ ಊದಿದೆ.

ಹಂಡೆ ಬಿಸಿಯಾಗತೊಡಗಿದಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಉರಿ ಸಣ್ಣಗ ಇಡು. ಹನ್ನೊಂದಕ್ಕ ಬರ್ತಾರ. ಬಂದವ್ರು ಸೀದಾ ಬಚ್ಚಲಕ್ಕ ಬರ್ತಾರ."

ಅಪ್ಪ ಹೊರಟಿದ್ದು ಕ್ಷಮೆ ಕೇಳುವುದಕ್ಕೆ.

ಅಪ್ಪನ ಹೆಸರು ಮರುಳಸಿದ್ದಪ್ಪ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ. ಅದಕ್ಕಿಂತ ದೊಡ್ಡದಾಗಿ, ಊರ ಪಾಠಶಾಲೆಯ ಅಧ್ಯಕ್ಷ. ಮಂತ್ರ, ವಚನ, ಸಂಸ್ಕೃತ ಕಲಿಸುವ ಶಾಲೆ ಅದು; ಮೂರು ಅಂತಸ್ತು, ಹದಿನಾಲ್ಕು ಹುಡುಗರು. ನನ್ನನ್ನು ಎಂಟನೇ ತರಗತಿಗೇ ಸರಕಾರಿ ಶಾಲೆಯಿಂದ ಬಿಡಿಸಿದವನೂ ಇದೇ ಅಧ್ಯಕ್ಷ. ವಿದ್ಯೆಯ ಬಗ್ಗೆ ಅಪ್ಪ ಮಾಡುವ ಭಾಷಣಗಳಲ್ಲಿ ಆ ಸಂಗತಿ ಬರುವುದಿಲ್ಲ.

ಅಪ್ಪ ಕ್ಷಮೆ ಕೇಳಬೇಕಾಗಿದ್ದ ಉಚ್ಚೆಂಗೆಪ್ಪನವರು ಹಿಂದೆ ನಮ್ಮ ಗಿರಣಿಯಲ್ಲೇ ಮೂಟೆ ಹೊರುತ್ತಿದ್ದರು. ಬೌದ್ಧರಾದ ಮೇಲೆ ತಮ್ಮ ಕೇರಿಯಲ್ಲಿ ತಗಡಿನ ಶೆಡ್ಡು ಹಾಕಿ ಧಮ್ಮ ಶಾಲೆ ನಡೆಸುತ್ತಿದ್ದಾರೆ. ಬುದ್ಧವಂದನೆಯಾದ ಮೇಲೆ ಓದು, ಬರಹ, ಲೆಕ್ಕ. ಅರವತ್ತು ಮಕ್ಕಳು. ಅವರ ಮಗಳು ಸಂಘಮಿತ್ರಾ ಹೊಸಪೇಟೆಯಲ್ಲಿ ನರ್ಸು, ಭಾನುವಾರ ಪಾಠ ಹೇಳಲು ಬರುತ್ತಾಳೆ. ಎಂಟನೇ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚು.

ಧಾರ್ಮಿಕ ಶಾಲೆಗಳ ಕಟ್ಟಡಕ್ಕೆಂದು ಈ ವರ್ಷ ಊರಿಗೆ ಒಂದು ಅನುದಾನ ಬಂತು. ಎರಡೂ ಶಾಲೆಗಳು ಅರ್ಜಿ ಹಾಕಿದ್ದವು. ಸಭೆಯಲ್ಲಿ ಅಧಿಕಾರಿ, ಇಬ್ಬರೂ ಅರ್ಧರ್ಧ ಹಂಚಿಕೊಳ್ಳಿ ಎಂದರು. ನಮ್ಮವರಿಗೆ ಬೇಕಾಗಿದ್ದದ್ದು ಕಮಾನು, ಅವರಿಗೆ ಗೋಡೆ. ಅಪ್ಪ ಕುರ್ಚಿ ಒದ್ದು ಎದ್ದ.

"ನಿಮ್ಮ ಹುಡುಗ್ರಿಗೆ ಸಾಲಿ ಯಾಕಲೇ ಉಚ್ಚೆಂಗೀ? ಚರಂಡಿಗೆ ಇಳಸು, ತಾವ ಕಲೀತಾವ."

ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಆ ಅರವತ್ತು ಮಕ್ಕಳೂ ಕೇಳಿದರು. ಉಚ್ಚೆಂಗೆಪ್ಪನವರು ದೂರು ಕೊಟ್ಟರು, ಅನುದಾನದ ಕಡತ ನಿಂತಿತು. ಅಪ್ಪ ಠಾಣೆಯಲ್ಲಿ ಒಂದು ಸಲ ಕ್ಷಮೆ ಕೇಳಿದ. ಬಾಯಲ್ಲಿ ಎಲೆಯಡಿಕೆ, ಮುಖದಲ್ಲಿ ನಗು. ಆ ವಿಡಿಯೊ ಮೊದಲಿನದಕ್ಕಿಂತ ಜೋರಾಗಿ ಓಡಿತು.

ಆಮೇಲೆ ಹಿರಿಯರು ಸೇರಿ ರಾಜಿ ಪತ್ರ ಬರೆಸಿದರು. ಉಚ್ಚೆಂಗೆಪ್ಪನವರು ದೂರನ್ನೂ, ಧಮ್ಮ ಶಾಲೆಯ ಅರ್ಜಿಯನ್ನೂ ಹಿಂದಕ್ಕೆ ತಗೊಳ್ಳಬೇಕು. ಅವರು ಒಂದೇ ಮಾತು ಹೇಳಿ ಕಳಿಸಿದರಂತೆ: "ಮಕ್ಕಳ ಮುಂದ ಬಂದು ಮನಸಿಂದ ತಪ್ಪಾತು ಅನ್ಲಿ. ಮನಸಿಂದ ಅಂತ ನನಗನಿಸಿದ್ರ ಅಲ್ಲೇ ಸಹಿ ಹಾಕ್ತೀನಿ. ಇಲ್ಲಂದ್ರ ಇಲ್ಲ."

ಅದಕ್ಕೇ ಶನಿವಾರ ಸಂಜೆ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಕಲಿಸುವವನು ಚಿಕ್ಕಪ್ಪ ಹಾಲೇಶ, ಪಾಠಶಾಲೆಯ ಕಾರ್ಯದರ್ಶಿ.

"ಶಾಂಭವೀ, ಬಾ ಇಲ್ಲಿ. ಕೈ ಕಟ್ಗಂಡು ನಿಂದ್ರು. ಈಗ ನೀನ ಉಚ್ಚೆಂಗಿ."

"ಮನ್ಯಾಗಿನ ಹುಡುಗೀನ್ನ ಅವನ್ನ ಮಾಡ್ತೀಯೇನಲೇ?" ಅಪ್ಪ ಸಿಡುಕಿದ.

"ಕಂಬದ ಮುಂದ ನಿಂತ್ರ ಅಳು ಬರಲ್ಲಣ್ಣ. ಇಕಿ ಆದ್ರ ಬಾಯಿ ಬಿಡಲ್ಲ."

ಅಪ್ಪ ನನ್ನ ಒಂದು ಕೈ ಹಿಡಿದ.

"ಎರಡೂ ಹಿಡಿ. ಒಂದು ಹಿಡಿದ್ರ ವೋಟು ಕೇಳಾಕ ಬಂದಂಗ ಕಾಣ್ತೈತಿ."

"ಎಷ್ಟೊತ್ತು ಹಿಡೀಬೇಕು?"

"ಮನಸಿನ್ಯಾಗ ಹತ್ತು ಎಣಸು."

"ಐದು ಸಾಕು."

ಗಿರಣಿಯಲ್ಲಿ ಭತ್ತದ ದರಕ್ಕೆ ಚೌಕಾಸಿ ಮಾಡುವ ಹಾಗೆ ಮಾಡಿ ಕೊನೆಗೆ ಏಳಕ್ಕೆ ಒಪ್ಪಿಕೊಂಡರು. ಅಪ್ಪನ ಬೆವರಿದ ಅಂಗೈಗಳ ನಡುವೆ ನನ್ನ ಕೈಗಳು. ತಪ್ಪಾತಪ್ಪಾ, ಬಾಯಿ ಜಾರಿತಪ್ಪಾ, ನಿನ್ನ ಮಕ್ಕಳು ನನ್ನ ಮಕ್ಕಳಿದ್ದಂಗ. ನಾಲ್ಕು ಸಲ ಹೇಳಿದರೂ ಕಣ್ಣು ಒಣಗಿಯೇ ಇತ್ತು.

"ನಮ್ಮವ್ವನ್ನ ನೆನಸ್ಕಳಣ್ಣ," ಚಿಕ್ಕಪ್ಪ ಮೆಲ್ಲಗೆ ಹೇಳಿದ. "ಸತ್ತಾಗ ಅಕಿನ್ನ ಕುಂದ್ರಿಸಿ, ಗದ್ದಕ್ಕ ಬಟ್ಟಿ ಕಟ್ಟಿದ್ವಲ್ಲ, ಅದನ್ನ ನೆನಸ್ಕ."

ಅಪ್ಪ ಕಣ್ಣು ಮುಚ್ಚಿದ. ಗಂಟಲು ಉಬ್ಬಿತು. ನೀರು ಇಳಿದು ನನ್ನ ಮುಂಗೈ ಮೇಲೆ ಬಿತ್ತು.

"ಬಂತು ಬಂತು! ಸಾಕು, ನಾಳಿಗಿ ಸ್ವಲ್ಪ ಉಳಿಸ್ಕ."

ಇಬ್ಬರೂ ನಕ್ಕರು. ಅಪ್ಪ ಮುಖ ಒರೆಸಿಕೊಂಡು ಒಳಗಿದ್ದ ಅವ್ವನನ್ನು ಕೂಗಿದ: "ಗಂಗಾಂಬಿಕಾ, ನಾಳಿಗಿ ಹಳೇ ಟವೆಲ್ ತಗದಿಡು. ಅವನ ಮೈಗಿ ತಗಲ್ತೈತಿ. ಬಂದ ಮ್ಯಾಲೆ ಬಿಸಾಕಾದು. ನೀರೂ ಕಾಯ್ಸಿಟ್ಟಿರ್ರಿ."

ನನ್ನನ್ನು ಶಾಲೆ ಬಿಡಿಸಿದ ದಿನ ಮನೆಯಲ್ಲಿ ಅತ್ತವಳು ಅಜ್ಜಿ ಒಬ್ಬಳೇ. ಸತ್ತು ಎರಡು ವರ್ಷವಾದ ಮೇಲೆ ಅವಳನ್ನು ಎಬ್ಬಿಸಿ ಇಂಥ ಕೆಲಸಕ್ಕೆ ಹಚ್ಚಿದ್ದರು. ನಾನು ಹಿತ್ತಲಿಗೆ ಹೋಗಿ ಬೂದಿ ಹಾಕಿ ಮುಂಗೈ ಉಜ್ಜಿದೆ. ಚರ್ಮ ಕೆಂಪಾದರೂ ಆ ಹಸಿ ಹೋಗಲಿಲ್ಲ.

ಭಾನುವಾರ ಹೊರಡುವಾಗ ಚಿಕ್ಕಪ್ಪ ನನ್ನ ಕೈಗೂ ಒಂದು ತಟ್ಟೆ ಕೊಟ್ಟ. ಶಾಲು, ಬಾಳೆಹಣ್ಣು. "ಹೆಣ್ಣುಮಗಳು ಬಾಜೂಕ ಇದ್ರ ವಿಡಿಯೊದಾಗ ಚಂದ."

ಶೆಡ್ಡಿನಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಎಣ್ಣೆ ಹಚ್ಚಿದ ತಲೆಗಳು. ತಗಡಿನ ತೂತುಗಳಿಂದ ಬಿಸಿಲು ಅವರ ಪಾಟಿಗಳ ಮೇಲೆ ಕಾಸಿನಗಲ ಬಿದ್ದಿತ್ತು. ಉಚ್ಚೆಂಗೆಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲಿಗೇ ಬಂದರು. ಸಂಘಮಿತ್ರಾ ನೀರು ತಂದಳು. ಅಪ್ಪ ಲೋಟ ಮುಟ್ಟಿ ಕೆಳಗಿಟ್ಟ. ಚಿಕ್ಕಪ್ಪ ತಾನು ತಂದ ಬಾಟಲಿ ಎತ್ತಿ ತೋರಿಸಿದ. ನನ್ನ ಗಂಟಲು ಒಣಗಿತ್ತು. ಆದರೂ ಅವರಿಬ್ಬರ ಮುಂದೆ ಕುಡಿಯಲು ಧೈರ್ಯ ಬರಲಿಲ್ಲ. ಆ ಹೇಸಿಗೆಯಲ್ಲಿ ನನ್ನ ಪಾಲೂ ಇತ್ತು.

"ಬಾ ಶಾಂಭವಿ, ಕುಂದ್ರು," ಎಂದಳು ಸಂಘಮಿತ್ರಾ. ನಾನು ತಟ್ಟೆ ಹಿಡಿದು ನಿಂತೇ ಇದ್ದೆ.

ಚಿಕ್ಕಪ್ಪ ಫೋನು ಎತ್ತಿ ಹಿಡಿದ. ಅಪ್ಪ ಉಚ್ಚೆಂಗೆಪ್ಪನವರ ಎರಡೂ ಕೈ ಹಿಡಿದ. ನಾನು ಎಣಿಸಿದೆ. ತಪ್ಪಾತಪ್ಪಾ. ಮೂರು. ಬಾಯಿ ಜಾರಿತಪ್ಪಾ. ಅಪ್ಪ ಕಣ್ಣು ಮುಚ್ಚಿದ, ಗಂಟಲು ಉಬ್ಬಿತು. ಐದು. ಅಪ್ಪನ ಹೆಗಲ ಹಳೇ ಟವೆಲ್ ಜಾರಿ ಉಚ್ಚೆಂಗೆಪ್ಪನವರ ತೋಳಿನ ಮೇಲೆ ಬಿತ್ತು. ನಿನ್ನ ಮಕ್ಕಳು ನನ್ನ ಮಕ್ಕಳಿದ್ದಂಗ. ಕಣ್ಣೀರು ಕೆನ್ನೆಗಿಳಿಯಿತು. ಏಳು. ಕೈ ಬಿಟ್ಟ.

ಉಚ್ಚೆಂಗೆಪ್ಪನವರ ಗದ್ದ ನಡುಗುತ್ತಿತ್ತು. ಅವರು ಮಕ್ಕಳ ಕಡೆ ತಿರುಗಿ, "ಕೇಳಿದ್ರಿಲ್ಲ? ಧಣೇರು ಆ ಮಾತು ವಾಪಸ್ ತಗಂಡ್ರು. ಇನ್ನ ಅದನ್ನ ಮರತುಬಿಡ್ರಿ," ಎಂದರು. ಒಬ್ಬ ಹುಡುಗ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು.

ಚಿಕ್ಕಪ್ಪ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ರಾಜಿ ಪತ್ರ ಮೇಜಿನ ಮೇಲೆ ಹರಡಿದ.

"ಅಪ್ಪಾ, ಅವಸರ ಬ್ಯಾಡ," ಸಂಘಮಿತ್ರಾ ಅಂದಳು. "ಗೋಡಿ ಹೋಗ್ತೈತಿ ನೋಡು."

"ಗ್ವಾಡಿ ಮುಂದಿನ ವರ್ಷ ಕಟ್ಟಿದ್ರಾತವ್ವ. ಮನುಷ್ಯ ಅತ್ತಿದ್ದು ಕಾಣಲಿಲ್ಲೇನು? ಸುಳ್ಳು ಕಣ್ಣೀರು ಹಂಗ ಬರಲ್ಲ." ಅವರು ಕನ್ನಡಕ ಹಾಕಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.

ಅಪ್ಪ ತನ್ನ ಎರಡೂ ಕೈಗಳನ್ನು ಮೈಗೆ ತಾಕದ ಹಾಗೆ ದೂರ ಹಿಡಿದು ನಿಂತಿದ್ದ, ಕೈಗೆ ಹಸಿ ಬಣ್ಣ ಹತ್ತಿದವನ ಹಾಗೆ. ಅದನ್ನೇ ನೋಡುತ್ತ ನನ್ನ ಕೈಯ ತಟ್ಟೆ ವಾಲಿತು. ತಟ್ಟೆಯ ಬಾಳೆಹಣ್ಣು ಉರುಳಿ ನೆಲಕ್ಕೆ ಬಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

"ಕಾಕಾ," ಎಂದೆ ಉಚ್ಚೆಂಗೆಪ್ಪನವರಿಗೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಪ್ಪ ಅತ್ತಿದ್ದು ನಮ್ಮಜ್ಜಿ ಸತ್ತಿದ್ದಕ್ಕ. ನಿನ್ನೆ ಮನ್ಯಾಗ ಕಲತಾರ. ನಿಮ್ಮನ್ನ ಮುಟ್ಟಿದ್ದು ತೊಳಕಳ್ಳಾಕ ಹಂಡೇದಾಗ ನೀರು ಕಾಯಾಕ ಹತ್ತೈತಿ. ನಾನ ತುಂಬೀನಿ."

ಚಿಕ್ಕಪ್ಪ ಫೋನು ಇಳಿಸಿದ. ಅಪ್ಪ ನನ್ನ ಕಡೆ ನೋಡಲಿಲ್ಲ. ಉಚ್ಚೆಂಗೆಪ್ಪನವರ ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತಿತ್ತು. ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ಸಹಿ ಹಾಕಬ್ಯಾಡ್ರಿ, ಕಾಕಾ."

ಉಚ್ಚೆಂಗೆಪ್ಪನವರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.