ನನ್ನ ಸವತಿ ಡೀಸೆಲ್ ಕುಡಿಯುತ್ತಾಳೆ

ಮದುವೆಯಾಗಿ ಯಲ್ದೂರಿಗೆ ಬಂದ ಮೊದಲ ಚಳಿಗಾಲ. ಒಂದು ಬೆಳಗ್ಗೆ ಕಿಟಕಿಯಾಚೆ ನಮ್ಮ ಯಜಮಾನರು ತೆಲುಗಿನಲ್ಲಿ ಯಾರನ್ನೋ ಮುದ್ದು ಮಾಡುವುದು ಕೇಳಿಸಿತು. "ಲೇ ಬಂಗಾರು, ಲೇ ತಲ್ಲಿ." ನಾನು ಮಾಲೂರಿನ ಕಡೆಯವಳು, ತೆಲುಗು ಅಷ್ಟಕ್ಕಷ್ಟೆ. ಆದರೂ ಬಂಗಾರು ಎಂದರೆ ಏನೆಂದು ತಿಳಿಯದಷ್ಟು ದಡ್ಡಿಯಲ್ಲ. ಹೊರಗೋಡಿದೆ. ಯಾವ ಹೆಂಗಸೂ ಇರಲಿಲ್ಲ. ಚಳಿಗೆ ಸ್ಟಾರ್ಟ್ ಆಗದೆ ಮೊಂಡು ಹಿಡಿದ ಡೀಸೆಲ್ ಕಾರನ್ನು ಅವರು ಏಳು ತಾಯಿ, ಏಳು ಎಂದು ಬೇಡಿಕೊಳ್ಳುತ್ತಿದ್ದರು.

ಹೆಂಗಸಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಕಾರನ್ನು ಏನೆಂದು ಕೇಳುವುದು?

ನನ್ನ ಹತ್ತಿರ ಅವರದು ಕನ್ನಡ. ಅದೂ ಉಪ್ಪು ಕಡಿಮೆ, ಬೀಗ ಎಲ್ಲಿ ಎನ್ನುವಷ್ಟೇ. ಅವರ ಮನೆಮಾತು ತೆಲುಗು. ಅದು ಅವರಮ್ಮನಿಗೆ, ಹಸುಗಳಿಗೆ, ಆಮೇಲೆ ಆ ಕಾರಿಗೆ. ಹನ್ನೆರಡು ವರ್ಷ ನಾನು ಹೊಟ್ಟೆ ಉರಿದುಕೊಂಡೇ ಬದುಕಿದೆ, ಸುಳ್ಳೇಕೆ ಹೇಳಲಿ. ನನಗೆ ಜ್ವರ ಬಂದರೆ ಮಾತ್ರೆ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ ಮನುಷ್ಯ, ಅದರ ಇಂಜಿನ್ನಿನಲ್ಲಿ ಸಣ್ಣ ಸದ್ದು ಬಂದರೆ ಊಟ ಬಿಡುತ್ತಿದ್ದರು.

ಹೋದ ತಿಂಗಳು ನನ್ನ ವಾರಗಿತ್ತಿ ಅನಿತ ಹೊಸ ಕಾರಿನಲ್ಲಿ ಬಂದಿಳಿದಳು. ನಮ್ಮದಕ್ಕೆ ಹದಿನೈದು ವರ್ಷ ತುಂಬುತ್ತಾ ಬಂದಿತ್ತು. ಇದೇ ಸಮಯವೆಂದು ಹಟ ಹಿಡಿದೆ. ಅದು ಹೋಗಬೇಕು, ಇಲ್ಲವಾದರೆ ನಾನು ಮಾಲೂರಿಗೆ ಹೋಗುತ್ತೇನೆ ಎಂದೆ. ಅವರು ಎರಡು ದಿನ ಕಾರನ್ನು ತೊಳೆದು ಒರೆಸುತ್ತಾ ಕಳೆದರು. ಮೂರನೆಯ ದಿನ ತಾವೇ ಮುಳಬಾಗಿಲಿನಲ್ಲಿ ಹಳೇ ಕಾರು ಕೊಳ್ಳುವ ಶಿವಶಂಕರ್ ಅವರಿಗೆ ಫೋನ್ ಮಾಡಿ ಕಾರು ನೋಡಲು ಬರಹೇಳಿದರು.

ಶಿವಶಂಕರ್ ಬಂದರು, ಓಡಿಸಿ ನೋಡುತ್ತೇನೆಂದು ಕೀ ತೆಗೆದುಕೊಂಡು ಹೊರಟರು. ಅವರು ಹಿಂದಿರುಗಲು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ನಮ್ಮ ಯಜಮಾನರು ಗೇಟು ಬಿಟ್ಟು ಕದಲಲಿಲ್ಲ. ನಾನು ಬಾಣಂತನಕ್ಕೆ ಐದು ತಿಂಗಳು ತವರಿಗೆ ಹೋಗಿದ್ದಾಗ ಹೀಗೆ ಒಂದು ದಿನವಾದರೂ ನಿಂತಿದ್ದರೇ ಎಂದು ಅತ್ತೆಯನ್ನು ಕೇಳಿದೆ. ಅವರು ಹೂ ಕಟ್ಟುವುದರಲ್ಲಿ ಮುಳುಗಿದರು.

ಗಾಡಿ ಒಪ್ಪಿಗೆಯಾಗಿದೆ ಎಂದರು ಶಿವಶಂಕರ್. ಇವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು.

"ನಿನ್ ಮಾತೇ ಆಗ್ಲಿ, ಕೊಟ್ಬಿಡೋಣ. ಆದ್ರೆ ಇಂಥಾದ್ದು ನಂಗೆ ಇನ್ನೊಂದು ಸಿಗಲ್ಲ ಕಣೇ."

ಆ ಮಾತಿಗೆ ನನ್ನ ಗೆಲುವೆಲ್ಲ ಇಳಿದುಹೋಯಿತು. ಕೊಟ್ಟುಬಿಟ್ಟ ಕಾರು ಕೆಡುವುದಿಲ್ಲ, ಹೊಗೆ ಕಾರುವುದಿಲ್ಲ, ದಾರಿಯಲ್ಲಿ ಕೈಕೊಡುವುದಿಲ್ಲ. ನಾನು ಹಲ್ಲುದುರಿ ಮುದುಕಿಯಾದ ಮೇಲೂ ಅದು ಇವರ ಮನಸ್ಸಿನಲ್ಲಿ ಇವತ್ತಿನ ಹಾಗೇ ಮಿರಮಿರ ಮಿಂಚುತ್ತಿರುತ್ತದೆ. ಮನೆಯಲ್ಲೇ ಬಿದ್ದಿದ್ದರೆ ನನ್ನ ಜೊತೆಗೇ ಅದಕ್ಕೂ ವಯಸ್ಸಾಗುತ್ತದೆ. ನನ್ನ ಕಣ್ಣೆದುರಿಗೇ ತುಕ್ಕು ಹಿಡಿಯಲಿ.

"ಕೊಡಲ್ಲ ಅಣ್ಣ, ತಪ್ಪು ತಿಳ್ಕೋಬೇಡಿ," ಎಂದು ಶಿವಶಂಕರ್ ಅವರ ಕೈಯಿಂದ ಕೀ ಇಸಿದುಕೊಂಡೆ. ಅವರು ಗೊಣಗಿಕೊಂಡು ಹೋದರು.

ಇವರು ಕಾರನ್ನು ಬಳಸಿ ನನ್ನ ಹತ್ತಿರ ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಬೀದಿಯವರೆಲ್ಲ ನೋಡುವ ಹಾಗೆ, ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈ ಬಾನೆಟ್ಟಿನ ಮೇಲಿತ್ತು.