ಮೊದಲ ಮಹಡಿಯ ಸೈಕಲ್ ಅಂಗಡಿ

ಪುರಸಭೆಯ ಸಭಾಂಗಣದ ಪರದೆಯ ಮೇಲೆ ನಮ್ಮ ಬೀದಿಯ ನಕ್ಷೆ ಮೂಡಿತು. ನನ್ನ ಸೈಕಲ್ ಅಂಗಡಿಗೆ ಹಸಿರು ಬಣ್ಣ ಬಳಿದಿತ್ತು. ಪಕ್ಕದ ಕ್ಷೌರದಂಗಡಿಗೂ ಹಸಿರು, ಅದರಾಚೆಯ ಬೇಕರಿಗೂ ಹಸಿರು.

"ಹಸಿರು ಅಂದ್ರೆ ಒಪ್ಪಿಗೆ ಕೊಟ್ಟವರು," ಎಂದು ವಿವರಿಸಿದ ನನ್ನ ಮೈದುನ.

ಒಪ್ಪಿಗೆಯೇ? ನಾನು ಯಾವಾಗ ಕೊಟ್ಟೆ ಮಾರಾಯ!

ಬಡಾವಣೆಗೆ ವ್ಯಾಪಾರ ಬರಬೇಕು, ಜನರಿಗೆ ಕೆಲಸ ಸಿಗಬೇಕು ಎಂದು ಪುರಸಭೆ ಅಭಿವೃದ್ಧಿ ಯೋಜನೆಯೊಂದನ್ನು ಮಾಡಿಸುತ್ತಿತ್ತು. ಮಾಡುತ್ತಿದ್ದವನು ನನ್ನ ಗಂಡನ ತಮ್ಮ, ಯೋಜನಾ ಶಾಖೆಯ ಹೊಸ ಅಧಿಕಾರಿ. ನಮ್ಮ ಅಂಗಡಿಸಾಲನ್ನು ಕೆಡವಿ ದೊಡ್ಡ ಕಟ್ಟಡ ಕಟ್ಟುವುದು. ಕೆಳಗೆ ಸೂಪರ್ ಮಾರ್ಕೆಟ್, ನಾವೆಲ್ಲ ಮೊದಲ ಮಹಡಿಗೆ. ಸೈಕಲ್ ಅಂಗಡಿ ಮಹಡಿಯ ಮೇಲಂತೆ! ಪಂಕ್ಚರಾದ ಸೈಕಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವ ಗಿರಾಕಿ ಎಲ್ಲಿದ್ದಾನೋ ನನಗಂತೂ ಗೊತ್ತಿಲ್ಲ. ನನ್ನ ಗಂಡ ಬೆನ್ನುನೋವಿನಿಂದ ಕೆಲಸ ಬಿಟ್ಟು ಮನೆ ಹಿಡಿದಿದ್ದಾರೆ. ಆ ಅಂಗಡಿ ಹೋದರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ.

ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಮೈದುನ ಕೇಳಿದ್ದು ನಿಜ. "ಅತ್ತಿಗೆ, ಹೊಸ ಕಟ್ಟಡಕ್ಕೆ ಬರ್ತೀರಾ?" ಅವನು ಮಾಡಿದ ಮೊದಲ ಯೋಜನೆ, ಮುಖದಲ್ಲಿ ಅಷ್ಟೊಂದು ಉತ್ಸಾಹ. ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳಲಿ? "ನೋಡೋಣ ಕಣಪ್ಪ," ಅಂದಿದ್ದೆ. ಅಷ್ಟೇ. ಸೈಕಲ್ ಎರವಲು ಕೇಳಿದವನಿಗೆ, ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೆ ನಾವೆಲ್ಲ ಅನ್ನುವುದು ಅದನ್ನೇ. ಮನಸ್ಸು ನೋಯಿಸದೆ ಒಲ್ಲೆ ಅನ್ನುವ ಮಾತು ಅದು.

"ಎಲ್ಲರೂ ಒಪ್ಪಿದಾರೆ ಅಂದ್ಮೇಲೆ ಮತಕ್ಕೆ ಹಾಕಿಬಿಡೋಣ," ಎಂದರು ಅಧ್ಯಕ್ಷರು. "ಅಂಗಡಿಯವರದ್ದು ತಕರಾರೇನಾದ್ರೂ ಇದ್ಯಾ?"

ನಾನು ಕ್ಷೌರದಣ್ಣನ ಪಕ್ಕೆ ತಿವಿದೆ. "ಏಳಣ್ಣ, ಹೇಳು!"

ಅವನು ಎದ್ದ, ಕೆಮ್ಮಿದ, ಟವೆಲ್ಲು ಸರಿಮಾಡಿಕೊಂಡ. "ಅದೇ ಸರ್... ನೋಡೋಣ," ಎಂದು ಕೂತುಬಿಟ್ಟ. ಬೇಕರಿ ಅಕ್ಕನನ್ನು ಕೇಳಿದರೆ ಅವಳದ್ದೂ ಅದೇ ರಾಗ. ನನಗೆ ಮೈಯೆಲ್ಲ ಉರಿದುಹೋಯಿತು. ಈಗಷ್ಟೇ ಹೊರಗೆ ನಿಂತು ಈ ಯೋಜನೆಗೆ ಹಿಡಿಶಾಪ ಹಾಕಿದ ಬಾಯಿಗಳೇ ಇವು!

"ಸಂತೋಷ. ಪರವಾಗಿರೋ ಸದಸ್ಯರು ಕೈ ಎತ್ತಿ."

ಕೈಗಳು ಒಂದೊಂದಾಗಿ ಏಳತೊಡಗಿದವು. ಬಾಯಿ ಬಿಟ್ಟರೆ ಇಷ್ಟು ಜನರ ಮುಂದೆ ಮೈದುನನ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ನನ್ನ ಅಂಗಡಿ ಹೋಗುತ್ತದೆ. ಎದ್ದು ನಿಂತೆ.

"ನಾನು ಬರಲ್ಲ!" ನನ್ನ ದನಿ ನನಗೇ ಜೋರೆನಿಸಿತು.

"ನೀವು ಒಪ್ಪಿದೀರಿ ಅಂತ ಇದೆಯಲ್ಲಮ್ಮಾ?"

"ನಾನಂದಿದ್ದು ನೋಡೋಣ ಅಂತ. ನಿಮ್ಮನೇಲಿ ಯಾರಾದ್ರೂ ನೋಡೋಣ ಅಂದ್ರೆ ಅದು ಒಪ್ಪಿಗೇನಾ ಸರ್?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ, ಮೈದುನನ ಕಡೆ ತಿರುಗಿದರು.

"ಏನ್ರೀ, ಬಾಯಿಬಿಟ್ಟು ಹೂಂ ಅಂದವರು ಎಷ್ಟು ಜನ?"

ಅವನು ಪರದೆ ನೋಡಿದ, ನನ್ನನ್ನು ನೋಡಿದ. ಸುಳ್ಳು ಹೇಳಿಯೇಬಿಡುತ್ತಾನೆ ಅನಿಸಿತು.

"ಯಾರೂ ಇಲ್ಲ ಸರ್."

ಎತ್ತಿದ ಕೈಗಳು ಕೆಳಗಿಳಿದವು. ಅಂಗಡಿಗಳು ಕೆಳಗೇ ಇರುವ ಹಾಗೆ ಹೊಸ ಯೋಜನೆ ಮಾಡಿ ತನ್ನಿ ಎಂದು ಅಧ್ಯಕ್ಷರು ಸಭೆ ಮುಗಿಸಿದರು. ಕ್ಷೌರದಣ್ಣ "ಭೇಷ್ ತಂಗಿ, ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ. ಅವನನ್ನು ದುರುಗುಟ್ಟಿ ನೋಡಿ ಹೊರಬಂದೆ.

ಮೈದುನ ಮೆಟ್ಟಿಲ ಹತ್ತಿರ ನಿಂತಿದ್ದ. ಕಣ್ಣು ಕೆಂಪಾಗಿತ್ತು. "ಮನೇಲೇ ಹೇಳ್ಬೋದಿತ್ತಲ್ಲ ಅತ್ತಿಗೆ. ಇಷ್ಟು ಜನರ ಮುಂದೆ..."

ಪಾಪ ಅನಿಸಿತು. ಆದರೂ ಬಿಡಲಿಲ್ಲ. "ಹೇಳಿದ್ದೆನಲ್ಲೋ! ನಾನು ಒಲ್ಲೆ ಅಂದಿದ್ದು ಅವತ್ತು ನಿಂಗೆ ಅರ್ಥ ಆಗಿರ್ಲಿಲ್ವಾ?"

ಅವನು ಗೋಡೆಯ ಕಡೆ ತಿರುಗಿದ.

"ಆಗಿತ್ತು," ಎಂದ.

ನನ್ನ ಕೈಯಡುಗೆ ಉಂಡು ಬೆಳೆದವನು. ಬೈಯಲು ಬಾಯಿ ತೆರೆದೆ, ನನಗೆ ಅಳು ಬಂದುಬಿಟ್ಟಿತು.