ತುಂಬದ ಟ್ಯಾಂಕು

ಭಾನುವಾರ ಬೆಳಿಗ್ಗೆ ಅಕ್ಕಯ್ಯ ಕಕ್ಕಸಿಗೆ ಒಂದು ಬಕೆಟ್ ನೀರು ಸುರಿದಳು. ನೀರು ಕೆಳಗಿಳಿಯುವ ಬದಲು ಗೊಳಗೊಳ ಎನ್ನುತ್ತ ಮೇಲಕ್ಕೆ ಬಂದು ಅಂಚಿನಲ್ಲಿ ನಿಂತಿತು. ಇದೇನು ಗ್ರಹಚಾರ ಎಂದು ತಿರುಗುವಷ್ಟರಲ್ಲಿ ಬಚ್ಚಲ ಮೂಲೆಯ ಜಾಲರಿಯಿಂದಲೂ ಕಪ್ಪು ನೀರು ಉಕ್ಕತೊಡಗಿತು. ಅದು ನೆಲದ ಮೇಲೆ ಹರಡಿ, ಹೊಸ್ತಿಲು ದಾಟಿ, ಅಡುಗೆಮನೆಯ ಕಡೆಗೆ ಹೊರಟಿತು. ವಾಸನೆಯ ಮಾತಂತೂ ಕೇಳಲೇಬೇಡಿ.

“ರೀ! ಎದ್ದೇಳ್ರೀ! ನಿಮ್ಮ ಟ್ಯಾಂಕು ನಿಮ್ಮನ್ನೇ ಹುಡುಕಿಕೊಂಡು ಒಳಗೆ ಬಂದಿದೆ!”

‘ನಿಮ್ಮ ಟ್ಯಾಂಕು’ ಎಂದದ್ದು ಸುಮ್ಮನೆ ಅಲ್ಲ. ಅವಳ ಗಂಡ ರಸ್ತೆ ಕಾಮಗಾರಿಯ ಮೇಲ್ವಿಚಾರಕನಾಗಿ ನಿವೃತ್ತನಾದವನು. ಗಾರೆಯವರು ಮಟ್ಟ ನೋಡಲು ಇಡುತ್ತಾರಲ್ಲ, ಗಾಜಿನೊಳಗೆ ಗುಳ್ಳೆ ಓಡಾಡುವ ರಸಮಟ್ಟ, ಅದೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಯಾರ ಮನೆಗೆ ಹೋದರೂ ಅದನ್ನು ಕಿಟಕಿಯ ಮೇಲಿಟ್ಟು, “ಎರಡು ನೂಲು ಎಡಕ್ಕೆ ವಾಲಿದೆ” ಎನ್ನದೆ ಕೂರುತ್ತಿರಲಿಲ್ಲ. ಬೀದಿಯವರು ಬೇಸತ್ತು ಅವನಿಗೇ ರಸಮಟ್ಟ ಎಂದು ಹೆಸರಿಟ್ಟಿದ್ದರು. ಈ ಮನೆಯನ್ನು ಅವನೇ ನಿಂತು ಕಟ್ಟಿಸಿದ್ದು, ಹಿತ್ತಲಿನ ಕಕ್ಕಸಿನ ಟ್ಯಾಂಕನ್ನಂತೂ ಅವನೇ ಗುಂಡಿಗಿಳಿದು ಕಟ್ಟಿದ್ದು. ಮನೆಗೆ ಬಂದ ನೆಂಟರು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಆ ಟ್ಯಾಂಕಿನ ಪುರಾಣ ಕೇಳಬೇಕಿತ್ತು.

“ಇಪ್ಪತ್ತೆರಡು ವರ್ಷ! ಒಂದು ಸಲ ಖಾಲಿ ಮಾಡಿಸಿಲ್ಲ. ಬೀದೀಲಿ ಎಲ್ಲರ ಮನೆ ಮುಂದೆ ಮೂರು ವರ್ಷಕ್ಕೊಂದು ಸಲ ಟ್ಯಾಂಕರ್ ಬಂದು ನಿಲ್ಲುತ್ತೆ. ನನ್ನ ಮನೆ ಮುಂದೆ ನಿಂತಿದ್ದು ಯಾರಾದ್ರೂ ನೋಡಿದ್ದೀರಾ? ಲೆಕ್ಕಾಚಾರ ಸ್ವಾಮೀ, ಲೆಕ್ಕಾಚಾರ!”

ಆ ಲೆಕ್ಕಾಚಾರ ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು. ರಸಮಟ್ಟ ಕಣ್ಣುಜ್ಜಿಕೊಂಡು ಬಂದು ನೋಡಿದ. ತಪ್ಪು ತನ್ನದಾಗಿರಲು ಸಾಧ್ಯವೇ ಇಲ್ಲವಲ್ಲ!

“ನೀನೇ ಏನೋ ಹಾಕಿರ್ತೀಯ. ತಲೆಗೂದಲೋ, ಬಟ್ಟೆಯೋ.”

“ಹೌದು, ನನ್ನ ತಲೆಗೂದಲು ನೋಡಿ, ಇಡೀ ಟ್ಯಾಂಕಿಗೆ ಸಾಲುವಷ್ಟಿದೆ!” ಎಂದಳು ಅಕ್ಕಯ್ಯ. ಅವಳ ಜುಟ್ಟು ಇಲಿಬಾಲದಷ್ಟಿತ್ತು.

ಅವನು ಆಸಿಡ್ ಬಾಟಲಿ ತಂದು ಪೂರ್ತಿ ಸುರಿದ. ಹೊಗೆ ಎದ್ದು ಇಬ್ಬರಿಗೂ ಕೆಮ್ಮು ಹತ್ತಿತೇ ಹೊರತು ನೀರು ಒಂದು ಅಂಗುಲವೂ ಇಳಿಯಲಿಲ್ಲ. ಆಮೇಲೆ ಉದ್ದನೆಯ ಕೋಲು ತಂದು ತಿವಿದ. ತಿವಿಯುವ ಭರದಲ್ಲಿ ಕಾಲು ಜಾರಿ ಆ ಕಪ್ಪು ನೀರಲ್ಲೇ ಕುಕ್ಕರಿಸಿದ. ಎದ್ದು ನಿಂತು, “ನೆಲಕ್ಕೆ ಇಳಿಜಾರು ಸರಿಯಾಗೇ ಇದೆ” ಎಂದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ ಇರಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಕೈಯಲ್ಲಿ ಪೊರಕೆ, ಹೆಗಲ ಮೇಲೆ ಹಳೆಯ ಗೋಣಿಚೀಲಗಳನ್ನು ಹೊತ್ತುಕೊಂಡು ಹಿತ್ತಲ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ವಾಸನೆ ಗೋಡೆ ದಾಟಿದ ಮೇಲೆ ಹೇಳಿಕಳಿಸುವುದೇನಿದೆ.

“ಅಕ್ಕಯ್ಯಾ, ಮೊದಲು ಎಲ್ಲಾ ನಲ್ಲಿ ಬಂದ್ ಮಾಡಿ. ಒಂದು ಚೊಂಬು ನೀರೂ ಹಾಕ್ಬೇಡಿ. ಟ್ಯಾಂಕರಿನವರ ನಂಬರ್ ನನ್ನ ಹತ್ರ ಇದೆ, ಫೋನ್ ಮಾಡ್ತೀನಿ. ಅಲ್ಲೀವರೆಗೆ ಬಚ್ಚಲಿಗೆ ನಮ್ಮನೆಗೇ ಬನ್ನಿ. ನಾಚಿಕೆಗೀಚಿಕೆ ಎಲ್ಲಾ ಆಮೇಲೆ.”

ಹಾಗೆಂದವಳೇ ಹೊಸ್ತಿಲಿಗೆ ಗೋಣಿಚೀಲ ಒತ್ತಿ ಕೂತಳು. ಇನ್ನೊಬ್ಬರ ಮನೆಯ ಹೇಸಿಗೆಯನ್ನು ಮುಖ ಸಿಂಡರಿಸದೆ ಬಾಚಿ ಬಕೆಟ್ಟಿಗೆ ತುಂಬುವವರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ? ಅಕ್ಕಯ್ಯನಿಗೆ ಒಡಹುಟ್ಟಿದ ತಂಗಿಯರು ಇಬ್ಬರಿದ್ದರು. ಅವರಿಬ್ಬರನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ ಟೈಲರಮ್ಮನನ್ನು ಇನ್ನೊಂದಕ್ಕೆ ಹಾಕಿದರೆ ಟೈಲರಮ್ಮನೇ ತೂಗುತ್ತಿದ್ದಳು.

ಟೈಲರಮ್ಮ ಗಂಡನನ್ನು ಕಳೆದುಕೊಂಡು ಆರು ವರ್ಷವಾಗಿತ್ತು. ಅವನು ಲಾರಿ ಡ್ರೈವರ್. ಒಂದು ಕಾಲಕ್ಕೆ ಚೆನ್ನಾಗಿ ಕುಡಿಯುತ್ತಿದ್ದ, ಆಮೇಲೆ ಬಿಟ್ಟೆ ಎನ್ನುತ್ತಿದ್ದ. ಬಿಟ್ಟೆ ಎಂದ ಮೂರನೆಯ ವರ್ಷಕ್ಕೆ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಹಾಸಿಗೆ ಹಿಡಿದ. ಲಿವರ್ ಹೋಗಿದೆ ಎಂದರು ಡಾಕ್ಟರು. ಲಿವರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೀದಿಗೆ ಬೇರೆ ಸಾಕ್ಷಿ ಬೇಕೇ? ಕದ್ದು ಕುಡಿಯುತ್ತಿದ್ದ ಎಂದು ತೀರ್ಪಾಯಿತು. “ಇಲ್ಲ, ನಿನ್ನಾಣೆಗೂ ಇಲ್ಲ” ಎಂದು ಹಾಸಿಗೆಯಿಂದ ಅವನು ಹೇಳಿದ್ದನ್ನು ಹೆಂಡತಿಯೇ ನಂಬಲಿಲ್ಲ. ಅವನು ಹೋದ ಮೇಲೆ ಗೋಡೆಗೆ ಅವನ ಫೋಟೋ ಕೂಡ ಹಾಕಲಿಲ್ಲ. “ಆಣೆ ಹಾಕಿ ಮೋಸ ಮಾಡಿದವನ ಮುಖ ದಿನಾ ನೋಡ್ಲಾ?” ಎನ್ನುತ್ತಿದ್ದಳು. ಆಗ “ಹೋಗ್ಲಿ ಬಿಡು, ಕುಡುಕರ ಹಣೆಬರಹವೇ ಅಷ್ಟು” ಎಂದು ಸಮಾಧಾನ ಹೇಳುತ್ತಿದ್ದವಳು ಅಕ್ಕಯ್ಯನೇ.

ಹತ್ತು ಗಂಟೆಗೆ ಟ್ಯಾಂಕರ್ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ರಸಮಟ್ಟನ ಮನೆ ಮುಂದೆ ನಿಂತಿತು. ಎದುರು ಮನೆಯವರು ಹಲ್ಲುಜ್ಜುವ ನೆಪದಲ್ಲಿ ಹೊರಗೆ ಬಂದು ನಿಂತರು. ಹತ್ತು ಗಂಟೆಗೆ ಯಾರು ಹಲ್ಲುಜ್ಜುತ್ತಾರೆ!

ಟ್ಯಾಂಕರಿನವನು ಮಾತು ಕಡಿಮೆಯ ಮನುಷ್ಯ. ಹಿತ್ತಲಲ್ಲಿ ಮುಚ್ಚಳ ಮೀಟಿ ಸರಿಸಿ, ಎಲ್ಲರನ್ನೂ ದೂರ ನಿಲ್ಲಿಸಿದ. “ಗ್ಯಾಸ್ ಹೋಗ್ಲಿ. ಯಾರೂ ಬಗ್ಗಿ ನೋಡ್ಬೇಡಿ, ಬೆಂಕಿಕಡ್ಡಿ ಗೀರ್ಬೇಡಿ” ಎಂದು ಕಾಲು ಗಂಟೆ ಕಾದ. ಆಮೇಲೆ ದಪ್ಪ ಪೈಪು ಇಳಿಸಿ ಮೋಟಾರು ಹಚ್ಚಿದ. ಟ್ಯಾಂಕು ಅರ್ಧಕ್ಕಿಳಿಯಿತು. ಆಗ ಒಳಗೆಲ್ಲೋ ಸಣ್ಣ ತೂಬು ಬಿಟ್ಟಂತೆ ಜುಳುಜುಳು ಸದ್ದು ಕೇಳಿತು. ಅವನು ಮೋಟಾರು ನಿಲ್ಲಿಸಿ ಕಿವಿಗೊಟ್ಟ.

“ಎಷ್ಟು ವರ್ಷ ಆಯ್ತು ಅಂದ್ರಿ ಖಾಲಿ ಮಾಡಿ?”

“ಮಾಡೇ ಇಲ್ಲ. ಇಪ್ಪತ್ತೆರಡು ವರ್ಷ!” ಈ ಸ್ಥಿತಿಯಲ್ಲೂ ರಸಮಟ್ಟನ ಎದೆ ಉಬ್ಬಿತು.

“ತುಂಬದೇ ಇರೋ ಟ್ಯಾಂಕು ಅಂತ ಯಾವುದೂ ಇಲ್ಲ ಸಾರ್. ತುಂಬ್ತಿಲ್ಲ ಅಂದ್ರೆ ಎಲ್ಲೋ ಹೋಗ್ತಿದೆ ಅಂತ.” ಅವನು ದೂರದಿಂದಲೇ ಟಾರ್ಚು ಬಿಟ್ಟ. “ನೋಡಿ, ಪಕ್ಕದ ಗೋಡೇಲಿ ಕೆಳಗಡೆ ಒಂದು ಪೈಪಿದೆ. ಅದರಿಂದ ನೀರು ವಾಪಸ್ ಬರ್ತಿದೆ. ಆ ಕಡೆ ಎಲ್ಲೋ ಕಟ್ಕೊಂಡಿದೆ. ಎಲ್ಲಿಗೆ ಹೋಗುತ್ತೆ ಇದು?”

“ಇಳಿದು ನೋಡು” ಎಂದ ರಸಮಟ್ಟ.

“ಇಳಿಯಲ್ಲ. ನಮ್ಮಣ್ಣ ಹಿಂಗೇ ಯಾರೋ ಹೇಳಿದ್ರು ಅಂತ ಇಳಿದ, ಮೇಲೆ ಬರಲಿಲ್ಲ. ನೀವು ಕಟ್ಟಿದ್ದು, ನೀವೇ ಹೇಳಿ.”

ರಸಮಟ್ಟ ಮುಖ ತಿರುಗಿಸಿದ. ಹೇಳಿದವಳು ಟೈಲರಮ್ಮ. ಪಾಪ, ಏನೂ ಅರಿಯದೆ, ಸಹಾಯವಾಗಲಿ ಎಂದೇ ಹೇಳಿದಳು.

“ಆ ಕಡೆ ಅಂದ್ರೆ ನಮ್ಮನೆ ಕಡೆ ಅಲ್ವಾ? ಹೋದ ವಾರ ಹೊಲಿಗೆ ರೂಮಿಗೆ ಪಾಯ ತೋಡಿದಾಗ ಗೋಡೆ ಬುಡದಲ್ಲಿ ಒಂದು ಪೈಪಿನ ಬಾಯಿ ಸಿಕ್ಕಿತ್ತು. ಸೈಟು ಮಾರಿದವರು ಯಾವ ಕಾಲದಲ್ಲಿ ಹಾಕಿದ್ದೋ ಅಂತ ಮೇಸ್ತ್ರಿ ಕಾಂಕ್ರೀಟ್ ತುಂಬಿಸಿಬಿಟ್ಟ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?”

ಟ್ಯಾಂಕರಿನವನು ಟಾರ್ಚು ಆರಿಸಿ ನೆಲ ನೋಡಿದ. ರಸಮಟ್ಟ ಆಕಾಶ ನೋಡಿದ. “ಇರಲ್ಲ, ಇರಲ್ಲ. ಅದು ಬೇರೆ ಯಾವುದೋ ಹಳೇದು” ಎಂದ. ಟೈಲರಮ್ಮ, ಗಿರಾಕಿ ಬರುವ ಹೊತ್ತಾಯಿತು ಎಂದು ಕೈ ಒರೆಸಿಕೊಂಡು ಮನೆಗೆ ಹೋದಳು.

ಅವಳ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದ ರಸಮಟ್ಟ, ಟ್ಯಾಂಕರಿನವನ ಹತ್ತಿರ ಸರಿದು ದನಿ ತಗ್ಗಿಸಿದ. “ಆ ಪೈಪನ್ನ ಈ ಕಡೆಯಿಂದಲೇ ಸರಳು ಹಾಕಿ ಬಿಡಿಸೋಕಾಗುತ್ತಾ? ಕಾಂಕ್ರೀಟ್ ಹಾಕಿ ಒಂದೇ ವಾರ, ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ. ಈಗ ಬಾವಿನೂ ಇಲ್ಲವಲ್ಲ, ಯಾರಿಗೇನು ತೊಂದರೆ?”

ಬಾವಿ! ಅಲ್ಲಿ ಯಾರೂ ಬಾವಿಯ ಮಾತೇ ಎತ್ತಿರಲಿಲ್ಲ. ಅಕ್ಕಯ್ಯ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಪಕ್ಕದ ಹಿತ್ತಲ ಕಡೆ ನೋಡಿದಳು.

ಟೈಲರಮ್ಮನ ಹೊಲಿಗೆ ರೂಮು ಏಳುತ್ತಿದ್ದದ್ದು ಅವಳ ಹಳೆಯ ಬಾವಿ ಇದ್ದ ಜಾಗದಲ್ಲಿ. ಹೋದ ವರ್ಷ ಆ ಮನೆಗೂ ನಲ್ಲಿ ಬಂದಿತ್ತು, ಇನ್ನು ಬಾವಿ ಯಾಕೆ ಎಂದು ಹೋದ ವಾರ ಕಲ್ಲುಮಣ್ಣು ತುಂಬಿ ಮುಚ್ಚಿಸಿದ್ದಳು. ಅದಕ್ಕೆ ಮುಂಚೆ ಹದಿಮೂರು ವರ್ಷ ಆ ಮನೆಯವರು ಕುಡಿದದ್ದು ಆ ಬಾವಿಯದೇ ನೀರು. ರಸಮಟ್ಟನಿಗಾದರೋ ಆಫೀಸಿನ ಕೃಪೆಯಿಂದ ಮೊದಲಿನಿಂದಲೂ ನಲ್ಲಿಯಿತ್ತು.

ಅಕ್ಕಯ್ಯನಿಗೆ ಒಂದೊಂದೇ ನೆನಪಾಯಿತು. ಆ ಬಾವಿಯಲ್ಲಿ ನೀರು ಬಿದ್ದ ದಿನ ಡ್ರೈವರ್ ಮೊದಲ ಲೋಟವನ್ನು ತಂದು ಕೊಟ್ಟದ್ದು ರಸಮಟ್ಟನ ಕೈಗೇ. “ನೀವು ತಿಳಿದವರು, ರುಚಿ ನೋಡಿ ಹೇಳಿ.” ಇವನು ನೆಗಡಿ ಎಂದು ಲೋಟ ಹಾಗೇ ಕೆಳಗಿಟ್ಟಿದ್ದ. ಆಮೇಲೂ ಆ ಮನೆಯಲ್ಲಿ ಕಾಫಿ ಕುಡಿದನೇ ಹೊರತು ನೀರು ಮುಟ್ಟಿದವನಲ್ಲ. “ಅವರ ಬಾವಿ ನೀರು ಗಡಸು, ಗಂಟಲು ಕಟ್ಟುತ್ತೆ, ನೀನೂ ಕುಡೀಬೇಡ” ಎಂದು ಹೆಂಡತಿಗೂ ಹೇಳಿಟ್ಟಿದ್ದ. ಜಂಬ ಎಂದುಕೊಂಡಿದ್ದಳು ಅವಳು. ಜಂಬದ ಕೋಳಿಯ ಜೊತೆ ಸಂಸಾರ ಮಾಡುವವಳಿಗೆ ಹಾಗೆ ಅನ್ನಿಸುವುದರಲ್ಲಿ ಆಶ್ಚರ್ಯವೇನು?

ಗಂಡನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದು ತಂದಳು.

“ನಿಮಗೆ ಗೊತ್ತಿತ್ತು.”

“ಏನು ಗೊತ್ತಿತ್ತು? ನಾನು ಪೈಪ್ ಹಾಕಿದಾಗ ಅದು ಖಾಲಿ ಸೈಟು ಕಣೇ. ನಮ್ಮ ಹಿತ್ತಲಲ್ಲಿ ಇಂಗುಗುಂಡಿಗೆ ಜಾಗ ಎಲ್ಲಿತ್ತು? ಮಣ್ಣು ಎಲ್ಲಾ ಸೋಸುತ್ತೆ. ಅದು ವಿಜ್ಞಾನ.”

“ಬಾವಿ ತೋಡುವಾಗ ಪಕ್ಕದಲ್ಲೇ ಕೊಡೆ ಹಿಡ್ಕೊಂಡು ನಿಂತಿದ್ರಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು?”

“ಆ ಮೂಲೇಲಿ ತೋಡಿ ಅಂದೆ. ಅಲ್ಲಿ ಬಂಡೆ ಬಂತು, ಇಲ್ಲಿಗೆ ಬಂದ್ರು. ಆವಾಗ ಹೇಳಿದ್ರೆ ಇಡೀ ಬೀದಿ ನನ್ನ ಮುಖಕ್ಕೆ ಉಗೀತಿತ್ತು.”

“ಮಣ್ಣು ಸೋಸುತ್ತೆ ಅಂದ್ರಲ್ಲ. ಮತ್ತೆ ಹದಿಮೂರು ವರ್ಷದಲ್ಲಿ ಒಂದು ಲೋಟ, ಒಂದೇ ಒಂದು ಲೋಟ ನೀರು ಯಾಕೆ ಕುಡೀಲಿಲ್ಲ?”

ಅವನು ಜೇಬಿನೊಳಗೆ ಕೈ ಹಾಕಿ ಆ ಮಟ್ಟದ ಗಾಜು ಸವರಿದ. “ಸತ್ತವನು ವಾಪಸ್ ಬರ್ತಾನಾ? ಬಾಯಿ ಮುಚ್ಕೊಂಡಿರು. ಇದ್ರಿಂದನೇ ಸತ್ತ ಅಂತ ಏನು ಗ್ಯಾರಂಟಿ” ಎಂದ.

ಅಕ್ಕಯ್ಯನಿಗೆ ಅವನ ಮುಖ ನೋಡಲು ಅಸಹ್ಯವಾಯಿತು. ಮೂವತ್ತೈದು ವರ್ಷ ಅನ್ನ ಬಡಿಸಿದ ಮುಖ. ಅದಕ್ಕಿಂತ ಬಾಗಿಲಲ್ಲಿ ನಿಂತಿದ್ದ ಆ ಕಪ್ಪು ನೀರೇ ವಾಸಿ ಅನ್ನಿಸಿತು. ಅದು ಒಳಗಿರುವುದನ್ನು ಮುಚ್ಚಿಡದೆ ಹೊರಗೆ ಹಾಕಿತ್ತು. ಸುಮ್ಮನಿದ್ದುಬಿಟ್ಟರೆ ಟೈಲರಮ್ಮ ನಾಳೆಯೂ ಪೊರಕೆ ಹಿಡಿದು ಬರುತ್ತಾಳೆ, ಅಕ್ಕಯ್ಯಾ ಎಂದು ಕರೆಯುತ್ತಾಳೆ. ಹೇಳಿದರೆ ಆ ಕರೆ ಇವತ್ತಿಗೇ ಕೊನೆ. ಅದು ಗೊತ್ತಿದ್ದೇ ಅವಳು ಕಾಲು ತೊಳೆಯಲೂ ನೀರಿಲ್ಲದೆ, ಹೊಲಸು ಕಾಲಿನಲ್ಲೇ ಪಕ್ಕದ ಮನೆಗೆ ನಡೆದಳು.

ಟೈಲರಮ್ಮ ಮಿಷನ್ನಿನ ಮುಂದೆ ಕೂತು ಯಾರದೋ ತೋಳಿಗೆ ಅಂಚು ಹೊಲಿಯುತ್ತಿದ್ದಳು. “ಬನ್ನಿ ಅಕ್ಕಯ್ಯಾ, ಬಚ್ಚಲು ಆ ಕಡೆ. ಬಿಸಿನೀರು ಇಟ್ಟಿದ್ದೀನಿ” ಎಂದಳು. ಅಕ್ಕಯ್ಯ ಬಚ್ಚಲಿಗೆ ಹೋಗಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತು, ಪೈಪಿನಿಂದ ಹಿಡಿದು ಮೊದಲ ಲೋಟದವರೆಗೆ ಒಂದೂ ಬಿಡದೆ ಹೇಳಿದಳು.

ಟೈಲರಮ್ಮ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ನಾನು ಕಾಯಿಸಿದ ನೀರೇ ಕುಡೀತಿದ್ದೆ” ಎಂದಳು. “ಅವರಿಗೆ ಅದು ಸೇರ್ತಿರಲಿಲ್ಲ. ಕುಡಿಯೋದು ಬಿಟ್ಟ ಹೊಸದರಲ್ಲಿ ಕೈ ನಡುಗೋದು. ಆಸೆ ತಡೆಯೋಕಾಗದೇ ಇದ್ದಾಗೆಲ್ಲ ಎದ್ದು ಹೋಗಿ ಒಂದು ಕೊಡ ಸೇದಿ, ಕೊಡಕ್ಕೇ ಬಾಯಿ ಇಟ್ಟು ಗಟಗಟ ಕುಡಿಯೋರು. ‘ನೋಡೇ, ಇನ್ಮೇಲೆ ಇದೇ ನನ್ನ ಸಾರಾಯಿ’ ಅನ್ನೋರು. ದಿನಕ್ಕೆ ಎಷ್ಟು ಸಲಾನೋ.”

ಟೈಲರಮ್ಮ ಹೊಲಿಯುತ್ತಿದ್ದ ತೋಳನ್ನು ಮಿಷನ್ನಿನಿಂದ ಬಿಡಿಸಿದಳು.

“ಕೊನೇ ದಿನ ನನ್ನ ಕೈ ಹಿಡ್ಕೊಂಡು ಆಣೆ ಹಾಕಿದ್ರು ಅಕ್ಕಯ್ಯಾ. ನಾನು ಕೈ ಕೊಡವಿದೆ.”

ಎದ್ದು ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಫೋಟೋ ಇತ್ತು. ಲಾರಿಯ ಬಾಗಿಲಿಗೆ ಒರಗಿ ನಗುತ್ತಿದ್ದ ತೆಳ್ಳಗಿನ ಮನುಷ್ಯ. ಅದನ್ನು ಹೊಲಿಯುತ್ತಿದ್ದ ಬಟ್ಟೆಯಿಂದಲೇ ಒರೆಸಿದಳು.

“ನಿಮ್ಮ ಯಜಮಾನರ ಮೇಲೆ ಕಂಪ್ಲೇಂಟ್ ಕೊಡ್ತೀನೋ ಬಿಡ್ತೀನೋ, ಅದು ನಾಳೆ ಮಾತು. ಇವತ್ತು ಬೇರೆ ಕೆಲಸ ಇದೆ. ಚಪ್ಪಲಿ ಹಾಕ್ಕೊಳ್ಳಿ.”

“ಎಲ್ಲಿಗೆ?”

“ಇವರು ಹಾಸಿಗೆ ಹಿಡಿದಾಗ, ಕದ್ದು ಕುಡೀತಾನಂತೆ ಅಂತ ಈ ಬೀದೀಲಿ ಮನೆ ಮನೆಗೆ ಹೋಗಿ ಹೇಳಿದ್ದು ಯಾರು? ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಆರು ವರ್ಷ ನುಂಗಿಕೊಂಡಿದ್ದೆ. ನಿಜಾನೇ ಹೇಳಿದ್ದೀರಿ, ನಿಮ್ಮ ಮೇಲೆ ಸಿಟ್ಟು ಯಾಕೆ ಅಂತ. ಈಗ ಅದೇ ಮನೆಗಳಿಗೆ ಹೋಗಿ ಹೇಳಿ. ಅವರು ಕುಡೀತಿರಲಿಲ್ಲ ಅಂತ. ನಾನು ಫೋಟೋ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಕ್ಕಯ್ಯನೇ ಎಷ್ಟು ಜನಕ್ಕೆ ಬುದ್ಧಿ ಹೇಳಿರಲಿಲ್ಲ! ಅವಳು ಮರುಮಾತಾಡದೆ ಚಪ್ಪಲಿ ಮೆಟ್ಟಿದಳು. ಹಿತ್ತಲ ಗೋಡೆಯಾಚೆ ಟ್ಯಾಂಕರಿನ ಮೋಟಾರು ಮತ್ತೆ ಶುರುವಾಗಿತ್ತು. ಅದನ್ನೂ ಮೀರಿ, ಎಲ್ಲಿಗೆ ಹೋಗ್ತಿದ್ದೀಯೇ ಎಂದು ರಸಮಟ್ಟ ಕೂಗುವುದು ಕೇಳಿಸಿತು.

ಎದುರು ಮನೆಯವರು ಇನ್ನೂ ಹಲ್ಲುಜ್ಜುತ್ತಲೇ ನಿಂತಿದ್ದರು. ಅಕ್ಕಯ್ಯ ಮೊದಲು ಅವರ ಗೇಟಿಗೇ ಹೋದಳು, ಆರು ವರ್ಷದ ಹಿಂದೆಯೂ ಅವಳು ಮೊದಲು ಹೋಗಿದ್ದು ಅಲ್ಲಿಗೇ.